"ಎಲ್ಲಾ ಬರೋಬರಿ ಐತಿ" ಅನ್ನೋ ಮಿಲಿಟ್ರಿಯವ್ರ ಸಮಾಧಾನ ಅಳಿಯೋದು ಹೆಂಗ?

ಹೋದ ಸಂಕ್ರಮಣಕ್ಕ ಇನ್ನ ನಾಕು ದಿನ ಇತ್ತು. ಹೋಳಿಗಿ ಮಾಡಾಕ ಶೇಂಗಾ ಹುರ್ಕೋತ ನಿಂತಿದ್ದೆ, ಬಾಗಿಲಿಗೆ ಒಂದು ಹುಡುಗಿ ಬಂದ್ಲು. ಎಂ.ಎಸ್.ಡಬ್ಲ್ಯೂ. ಓದಾಕಿ. ಕಾಲೇಜಿನ ಪ್ರಾಜೆಕ್ಟಿಗಂತ ಮಾಜಿ ಸೈನಿಕರ ಮನಿ ಹುಡುಕ್ಕೋತ ನಮ್ಮ ಓಣಿ ತಿರಗಾಕ ಹತ್ತಿದ್ಲು. "ಐದ ಪ್ರಶ್ನಿ ಅದಾವ ಅಂಕಲ್, ಎರಡು ಮಿನಿಟು ಸಾಕು" ಅಂದ್ಲು.

ನಮ್ಮ ಮನಿಯವ್ರು ನಿಮಗೆಲ್ಲಾ ಗೊತ್ತ ಅದಾರ. 19ಕ್ಕ ಮಿಲಿಟ್ರಿ ಸೇರಿ, 24 ವರ್ಷ ದುಡದು, ಹವಾಲ್ದಾರ ಆಗಿ 43ಕ್ಕ ಮನಿಗೆ ಬಂದವ್ರು. ಬಂದು ಒಂಬತ್ತು ವರ್ಷ ಆತು. ಈಗ ಬ್ಯಾಂಕಿನ್ಯಾಗ ಗಾರ್ಡ್ ಕೆಲಸ. ಪೆನ್ನು ತಗೊಂಡು ಟಕಾ ಟಕಾ ಬರದು ಕೊಟ್ರು. ಪ್ರತಿ ಪ್ರಶ್ನಿಗೆ 1ರಿಂದ 7ರ ತನಕ ಮಾರ್ಕು. ಇವ್ರು ಕೊಟ್ಟಿದ್ದು 7, 6, 7, 7, 7. ಒಟ್ಟ 35ಕ್ಕ 34. ಹುಡುಗಿ ಕೂಡಿಸಿ ನೋಡಿ ನಕ್ಕೋತ ಅಂದ್ಲು, "ಅಂಕಲ್, ನೀವು ಅತ್ಯಂತ ತೃಪ್ತ ಜೀವನದವ್ರ ಪೈಕಿ ಬಂದ್ರಿ." ನಾ ಚಹಾ ಕೊಟ್ಟೆ. ಕುಡದು ಮುಂದಿನ ಮನಿಗೆ ಹೋದ್ಲು.

ಅವತ್ತ ರಾತ್ರಿ ಎರಡಕ್ಕ ನನಗ ಎಚ್ಚರ ಆತು. ಹಾಸಿಗಿ ಖಾಲಿ. ಗೇಟಿನ ಕೊಂಡಿ ಕಟ್ ಅಂತು. ನೋಡಾಕ ಹೋಗಬೇಕಂತಿಲ್ಲ, ನನಗ ಗೊತ್ತೈತಿ. ಒಂಬತ್ತು ವರ್ಷದಿಂದ ರಾತ್ರಿ ಒಂದು ಸಲ ಎದ್ದು ಮುಂದಿನ ಗೇಟು, ಹಿತ್ತಲ ಬಾಗಿಲು, ಮಾಳಗಿ ಬಾಗಿಲು ಎಲ್ಲಾ ತಪಾಸ ಮಾಡೇ ಮಲಗೋದು. ಒಮ್ಮೊಮ್ಮೆ ಮಾಳಗಿ ಮ್ಯಾಲ ಬೆಳ್ಳಿಚುಕ್ಕಿ ಮೂಡೋ ತನಕ ತಿರಗೋದು. ಮಲಕೊಂಡಲ್ಲೆ ನಾ ವಿಚಾರ ಮಾಡಿದೆ: ಈ ಮನುಷ್ಯಾಗ 35ಕ್ಕ 34 ಹೆಂಗ ಬಂತು?

ಮೊದಲ ನನಗ ಸಿಟ್ಟು ಬಂದಿದ್ದು ಖರೇ. ಹಾಳಿಯೂ ಸುಳ್ಳು, ಇವ್ರೂ ಸುಳ್ಳು ಅಂತ. ಆಮ್ಯಾಲ ಆ ಹುಡುಗಿಗೆ ಫೋನ್ ಮಾಡಿ ಕೇಳಿದೆ, ನಾನೂ ಮಗಳನ್ನ ಮಗ್ಗಲಿಗೆ ಕುಂಡ್ರಿಸಿಕೊಂಡು ಒಂದಿಷ್ಟು ಓದಿದೆ. ಈಗ ನನ್ನ ಅಭಿಪ್ರಾಯ ಬ್ಯಾರೆ ಆಗೈತಿ. ಹಾಳಿ ಸುಳ್ಳಲ್ಲ, ಇವ್ರೂ ಸುಳ್ಳು ಹೇಳಿಲ್ಲ. ಒಂದ ಸೇರಿನ್ಯಾಗ ಎಲ್ಲಾ ಅಳಿಯಾಕ ಹೋಗಿದ್ದು ತಪ್ಪು. ಅದನ್ನ ಇವತ್ತ ನಿಮ್ಮ ಮುಂದ ಹೇಳಬೇಕಂತ ಬರಿಯಾಕ ಹತ್ತೀನಿ, ಯಾಕಂದ್ರ ನಮ್ಮೂರ ಕಡೆ ಮಿಲಿಟ್ರಿ ಮಂದಿ ಇಲ್ಲದ ಓಣಿ ಇಲ್ಲ. ಬೆಳಗಾವ್ಯಾಗ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರ ಇರೋದ್ರಿಂದ ನಮ್ಮ ಸುತ್ತಲಿನ ಹಳ್ಳಿ ಹುಡುಗ್ರಿಗೆ ಭರ್ತಿ ಅಂದ್ರ ಜಾತ್ರಿ ಇದ್ದಂಗ. ನಮ್ಮ ಒಂದ ಓಣ್ಯಾಗ ಹನ್ನೊಂದು ಮನಿ ಅದಾವ.

ಆ ಐದು ಪ್ರಶ್ನಿಯ ಹಾಳಿ ಅಮೆರಿಕದ್ದು. ಎಡ್ ಡೀನರ್ ಅನ್ನೋ ಮನಶ್ಶಾಸ್ತ್ರದ ಪ್ರಾಧ್ಯಾಪಕರು ಮತ್ತ ಅವ್ರ ಸಂಗಡಿಗರು 1985ರಾಗ ಮಾಡಿದ್ದು. ಜೀವನ ತೃಪ್ತಿ ಅಳಿಯಾಕ ಜಗತ್ತಿನ ತುಂಬ ಇದನ್ನ ಬಳಸ್ತಾರ. ಅದರಾಗ ಪಗಾರ ಎಷ್ಟು, ಬಿ.ಪಿ. ಎಷ್ಟು, ಮನಿ ಸ್ವಂತದ್ದೋ ಬಾಡಿಗಿದೋ ಅಂತ ಕೇಳಂಗಿಲ್ಲ. ನೀವು ಅನ್ಕೊಂಡಂಗ ಜೀವನ ಐತೇನು, ಬೇಕಾದ್ದು ಸಿಕ್ಕೈತೇನು, ಇನ್ನೊಮ್ಮೆ ಹುಟ್ಟಿ ಬಂದ್ರ ಏನರ ಬದಲಿ ಮಾಡ್ತೀರೇನು, ಇಂಥಾವು. ಅಂದ್ರ ನಿಮ್ಮ ಜೀವನಾನ ನಿಮ್ಮ ತಕ್ಕಡಿಯೊಳಗ ನೀವ ತೂಗಬೇಕು. ಒಟ್ಟ ಕೂಡಿಸಿದ್ರ ಕಡಿಮಿ ಅಂದ್ರ 5, ಹೆಚ್ಚಂದ್ರ 35. 20 ಬಂದ್ರ ನಡುವ. 31 ದಾಟಿದ್ರ ಭಾಳ ತೃಪ್ತ.

ಈ ವಿಚಾರ ನನಗ ಸೇರ್ತು. ಮಂದಿ ಬಂದು "ನಿನಗೇನ ಕಡಿಮಿ ಆಗೈತಿ" ಅಂತ ತಾವ ತೂಕ ಹಾಕೋಕಿಂತ, ಅವ್ರವ್ರ ಜೀವನ ಅವ್ರನ್ನ ಕೇಳೋದು ಮರ್ಯಾದಿ. ಆದ್ರ ತಕ್ಕಡಿ ಅವರದು ಅಂದ್ಮ್ಯಾಲ, ಆ ತಕ್ಕಡಿಯ ಇನ್ನೊಂದು ತಾಟಿನ್ಯಾಗ ಅವ್ರು ಏನಿಟ್ಟಾರ ಅನ್ನೋದೂ ಗೊತ್ತಾಗಬೇಕಲ್ಲಾ?

ಇವ್ರನ್ನ ಕೇಳಿದೆ. ಸಂಜಿಮುಂದ, ಮೆತ್ತಗ. "ಖರೇನ ಅಷ್ಟು ಸಮಾಧಾನ ಐತೇನ್ರಿ ನಿಮಗ?"

ಭಾಳ ಹೊತ್ತು ಸುಮ್ನ ಕುಂತ್ರು. ಆಮ್ಯಾಲ ಅಂದ್ರು, "ನನ್ನ ಜೋಡಿ ಭರ್ತಿ ಆದವ ಒಬ್ಬ ವಾಪಸ್ ಬರಲಿಲ್ಲ. ಇನ್ನೊಬ್ಬಗ ಒಂದು ಕಾಲಿಲ್ಲ. ನಾ ಎರಡು ಕಾಲ ಮ್ಯಾಲ ನಡಕೋತ ಬಂದೀನಿ, ಮಗಳ ಕಾಲೇಜು ನೋಡಾಕತ್ತೀನಿ. ನಾ ಕಡಿಮಿ ಮಾರ್ಕು ಹಾಕಿದ್ರ ಅವನಿಗೆ ಏನಂತ ಹೇಳಲಿ?"

ನನಗ ಮಾತ ಹೊರಡಲಿಲ್ಲ. ಇವ್ರ ತಕ್ಕಡಿಯ ಆ ಕಡೆ ತಾಟಿನ್ಯಾಗ ಇದ್ದವ್ರು ನಾನಲ್ಲ, ನೀವಲ್ಲ, ಸತ್ತವ್ರು. ಅವ್ರ ಮುಂದ ಯಾವ ಜೀವನಾನೂ 34ನ. ಆ 34 ಖರೇನ. ಆದ್ರ ಅದರಾಗ ನಿದ್ದಿ ಇಲ್ಲದ ರಾತ್ರಿ ಕಾಣಂಗಿಲ್ಲ.

ಇನ್ನೊಂದು ಕಾರಣನೂ ಐತಿ. ಮಿಲಿಟ್ರಿ ಮನ್ಯಾಗ ಇದ್ದವ್ರಿಗೆಲ್ಲಾ ಇದು ಗೊತ್ತ. ಸಾಹೇಬ್ರು ಬಂದು ಕೇಳಿದ್ರ ಉತ್ತರ ಒಂದ: "ಸಬ್ ಠೀಕ್ ಹೈ ಸಾಬ್." ಊಟ ಸರಿ ಇರಲಿ ಬಿಡಲಿ, ಸೂಟಿ ಸಿಗಲಿ ಬಿಡಲಿ. ಮನಿಗೆ ಬಂದ್ಮ್ಯಾಲ ಅದ ಮಾತು ನಮ್ಮ ಭಾಷಾದಾಗ "ಎಲ್ಲಾ ಬರೋಬರಿ ಐತಿ" ಆಗೈತಿ ಅಷ್ಟ. ಡಾಕ್ಟರ್ ಕೇಳಿದ್ರೂ ಅದ, ಬೀಗರು ಕೇಳಿದ್ರೂ ಅದ, ಹೆಂಡ್ತಿ ಕೇಳಿದ್ರೂ ಅದ. ಇಪ್ಪತ್ನಾಕು ವರ್ಷ ಕಲಿಸಿದ ಪಾಠ ಎರಡು ಮಿನಿಟಿನ ಹಾಳಿ ಮುಂದ ಮರತು ಹೋಗ್ತೈತೇನು? ಅದೂ ಅಳಿಯೋಕಿ ಮುಂದ ಕುಂತು ನೋಡಾಕತ್ತಾಗ?

ಆ ಹುಡುಗಿ ಮುಂದಿನ ಸಲ ಬಂದಾಗ ನಾನ ಒಂದು ಮಾತು ಹೇಳಿದೆ. "ತಂಗಿ, ಜೀವನದ ಬಗ್ಗೆ ಕೇಳಬ್ಯಾಡ. ಹೋದ ಹದಿನೈದು ದಿನದ ಬಗ್ಗೆ ಕೇಳು." ಅಂಥಾ ಹಾಳಿನೂ ಐತಿ ಅಂದ್ಲು. ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿಲೆ 1998ರಿಂದ ಬಳಕ್ಯಾಗ ಇರೋದು, ಅದಕ್ಕೂ ಐದ ಪ್ರಶ್ನಿ. ಹೋದ ಎರಡು ವಾರದಾಗ ಮನಸ್ಸು ಹುರುಪಿನ್ಯಾಗ ಇತ್ತೇನು, ಶಾಂತ ಇತ್ತೇನು, ಮೈಯಾಗ ಕಸುವು ಇತ್ತೇನು, ಮುಂಜಾನಿ ಎದ್ದಾಗ ನಿದ್ದಿ ತುಂಬಿದಂಗ ಅನಿಸ್ತೇನು, ದಿನದಾಗ ಮನಸ್ಸಿಗೆ ಹಿಡಿಸೋದು ಏನರ ಇತ್ತೇನು. ಒಂದೊಂದಕ್ಕ 0ಯಿಂದ 5. ಕೂಡಿಸಿ ನಾಕರಲೆ ಗುಣಿಸಿದ್ರ ನೂರಕ್ಕ ಎಷ್ಟು ಅಂತ ಬರ್ತೈತಿ.

ಇವ್ರು ಬರದ್ರು. ಹುರುಪು 3, ಶಾಂತಿ 1, ಕಸುವು 4, ನಿದ್ದಿ 0, ಹಿಡಿಸೋ ಕೆಲಸ 3. ಒಟ್ಟ 11, ಅಂದ್ರ ನೂರಕ್ಕ 44. ಈ ಹಾಳಿ ಪ್ರಕಾರ 50 ಮತ್ತ ಅದಕ್ಕಿಂತ ಕೆಳಗ ಬಂದ್ರ ಮುಂದ ತಪಾಸ ಮಾಡಿಸಬೇಕು. ಅದು ರೋಗದ ಹೆಸರಲ್ಲ, ನೆನಪಿರಲಿ. ಒಬ್ರು ಕುಂತು ಮಾತಾಡಬೇಕು ಅನ್ನೋ ಗಂಟಿ ಅಷ್ಟ.

ಅದ ಮನುಷ್ಯಾ, ಅದ ಮನಿ, ಅದ ತಿಂಗಳು. ಒಂದು ಹಾಳ್ಯಾಗ 35ಕ್ಕ 34, ಇನ್ನೊಂದರಾಗ ನೂರಕ್ಕ 44. ಎರಡರಾಗ ಸುಳ್ಳು ಯಾವುದು ಅಂತ ಕೇಳಿದ್ರ, ಎರಡೂ ಅಲ್ಲ. ನಾವು ಹಾಲಿಗೆ ಲೀಟರ್ ತಗೋತೀವಿ, ಜ್ವಾಳಕ್ಕ ಸೇರು ತಗೋತೀವಿ, ಬಂಗಾರಕ್ಕ ಅಕ್ಕಸಾಲಿಗ್ಯಾನ ತಕ್ಕಡಿಗೆ ಹೋಗ್ತೀವಿ. ಹಾಲು ಅಳದ ಲೀಟರಿನ್ಯಾಗ ಬಂಗಾರ ಅಳದು "ಏನೂ ಇಲ್ಲ" ಅಂದ್ರ ನಗತಾರ. ಸಮಾಧಾನ ಒಂದು, ಸುಖ ಇನ್ನೊಂದು, ನಿಭಾಯಿಸೋದು ಮತ್ತೊಂದು. ಮೂರಕ್ಕೂ ಬ್ಯಾರೆ ಬ್ಯಾರೆ ಅಳತಿ ಬೇಕು.

ಈ ಮಾತು ನಾ ಒಬ್ಬಾಕಿ ಹೇಳೋದಲ್ಲ. ಅಮೆರಿಕದಾಗ ಮಾಜಿ ಸೈನಿಕರ ಇಲಾಖೆಯ ಸಂಶೋಧಕಿ ಡಾನ್ ವೋಗ್ಟ್ ಮತ್ತ ಅವ್ರ ಸಂಗಡಿಗರು ಮಾಜಿ ಸೈನಿಕರಿಗಂತನ ಒಂದು ದೊಡ್ಡ ಪ್ರಶ್ನಾವಳಿ ಮಾಡ್ಯಾರ. ಅದರಾಗ ಜೀವನಾನ ನಾಕು ಪಾಲು ಮಾಡ್ತಾರ: ಕೆಲಸ, ರೊಕ್ಕ, ಆರೋಗ್ಯ, ಸಂಬಂಧ. ಒಂದೊಂದು ಪಾಲಿನ್ಯಾಗ ಮತ್ತ ಮೂರು ಮಾತು ಕೇಳ್ತಾರ. ಐತೋ ಇಲ್ಲೋ? ಹೆಂಗ ನಡಸಾಕತ್ತೀರಿ? ಅದರಿಂದ ಸಮಾಧಾನ ಐತೇನು?

ಇದನ್ನ ನಮ್ಮ ಓಣಿಗೆ ಹಚ್ಚಿ ನೋಡ್ರಿ. ಮೂಲಿ ಮನಿ ಸುಭೇದಾರ ಕಾಕಾಗ ಪೆನ್ಶನ್ ಐತಿ, ಅಂದ್ರ ಮೊದಲ ಪ್ರಶ್ನಿಗೆ ಹೌದು. ಆದ್ರ ಬಂದ ರೊಕ್ಕ ಯಾರ ಕೈಯಾಗ ಹೊಕ್ಕೈತಿ, ಹೆಂಗ ಖರ್ಚಾಗ್ತೈತಿ ಅಂದ್ರ ಕಾಕಾಗ ಗೊತ್ತಿಲ್ಲ. ಮಿಲಿಟ್ರಿಯೊಳಗ ಊಟ, ಅರಬಿ, ಮನಿ ಎಲ್ಲಾ ಅವ್ರ ನೋಡ್ತಿದ್ರು, ಇಲ್ಲೆ ಬಂದು ಗ್ಯಾಸ್ ಬುಕ್ ಮಾಡಾಕ ಬರಂಗಿಲ್ಲ. ಅದು ಎರಡನೇ ಪ್ರಶ್ನಿ. ಸಮಾಧಾನ ಐತೇನು ಅಂದ್ರ "ಬರೋಬರಿ ಐತಿ". ಅದು ಮೂರನೇದು. ನಮ್ಮ ಮನಿಯವ್ರಿಗೆ ಕೆಲಸ ಐತಿ, ಒಂದು ದಿನ ತಡಾ ಮಾಡಿಲ್ಲ, ಆದ್ರ "ಒಂದು ಸೆಕ್ಷನ್ ಹುಡುಗ್ರನ್ನ ನಡಸಿದವ ನಾ, ಈಗ ಎ.ಸಿ. ಬಾಗಿಲಾ ತಗದು ಹಾಕ್ತೀನಿ" ಅಂತ ಒಂದ ಸಲ ಅಂದಿದ್ರು. ಮೂರೂ ಕೇಳಿದಾಗ ಮನುಷ್ಯಾನ ಚಿತ್ರ ಬರ್ತೈತಿ. ಒಂದನ್ನ ಕೇಳಿದ್ರ ಬರೇ ಸಹಿ ಬರ್ತೈತಿ.

ಅಲ್ಲೇ ಅಮೆರಿಕದಾಗ 2016ರ ಕೊನೀ ಭಾಗದಾಗ ಸೇವೆ ಬಿಟ್ಟ ಸುಮಾರು ಒಂಬತ್ತೂವರೆ ಸಾವಿರ ಮಂದಿನ್ನ ಬೆನ್ನ ಹತ್ತಿದ್ರು. ಮೊದಲ ಮೂರು ತಿಂಗಳೊಳಗ ಒಂದು ಸಲ, ಆಮ್ಯಾಲ ಆರಾರು ತಿಂಗಳಿಗೊಮ್ಮೆ ಕೇಳಿದ್ರು. ಸುರುವಿನ್ಯಾಗ ಕೆಲಸದ ಬಗ್ಗೆ, ಸಂಬಂಧದ ಬಗ್ಗೆ ಭಾಳ ಮಂದಿ ಛಲೋ ಅಂತ ಹೇಳಿದ್ರು. ಆರೋಗ್ಯದ ಮಾತು ಬಂದಾಗ ಮಾತ್ರ ಸಮಾಧಾನ ಇಳೀತು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಮೈಯಾಗ ಬಿಡದ ಜಡ್ಡು, ಸುಮಾರು ಮೂರರಾಗ ಒಬ್ರಿಗೆ ಮನಸ್ಸಿನ ತ್ರಾಸು. ಮೈಕೈ ನೋವು, ನಿದ್ದಿ ಬಾರದ್ದು, ಇವ ದೊಡ್ಡವು. ಅಲ್ಲಿ ಸೈತ ನಿದ್ದಿನ ಅಂತ ಓದಿದಾಗ, ನಮ್ಮ ಮನಿ ಗೇಟಿನ ಕೊಂಡಿ ಸಪ್ಪಳ ಅಷ್ಟು ದೂರ ಕೇಳಿಸ್ತೈತಿ ಅಂತ ಅನಿಸ್ತು. ಮತ್ತ ಮೊದಲ ವರ್ಷ ಕಳಿಯೋದ್ರಾಗ ಕೆಲಸ ನಿಭಾಯಿಸೋದು ಕಡಿಮಿ ಆಗ್ತಾ ಬಂತಂತ. ಅಂದ್ರ ಬಂದ ಹೊಸತರಾಗ ಕೇಳಿ ಬಿಟ್ಟಿದ್ರ ಅದು ಸಿಗತಿದ್ದಿಲ್ಲ.

ಹಂಗಾಗಿ ಒಂದ ಸಲ ಕೇಳಿದ್ರ ನಡಿಯಂಗಿಲ್ಲ. ಇದಕ್ಕ ಕೆನಡಾದ ಲೆಕ್ಕ ನೋಡ್ರಿ. ಅವ್ರು ಮಾಜಿ ಸೈನಿಕರನ್ನ ಕೆಲವು ವರ್ಷಕ್ಕೊಮ್ಮೆ ಕೇಳ್ತಾರ, ಊರ ಜೀವನಕ್ಕ ಹೊಂದಿಕೊಳ್ಳೋದು ತ್ರಾಸ ಆತೇನು ಅಂತ. 2010ರಾಗ ನೂರಕ್ಕ 25 ಮಂದಿ ತ್ರಾಸ ಆತು ಅಂದ್ರು. 2016ಕ್ಕ ಅದು 32 ಆತು. ತಿರಗಿ ಕೇಳಿದ್ರಿಂದ ಏರಾಕತ್ತೈತಿ ಅಂತ ತಿಳೀತು. ಒಂದ ಸಲ ಕೇಳಿ ಕಪಾಟಿನ್ಯಾಗ ಇಟ್ಟಿದ್ರ, ನಾಕರಾಗ ಒಬ್ರು ಅಷ್ಟ ಅಂತ ಎಲ್ಲಾರೂ ಸುಮ್ನ ಇರತಿದ್ರು. ಬಸುರಿ ತೂಕ ಒಂದ ಸಲ ನೋಡಿ ಬಿಡ್ತಾರೇನ್ರಿ? ತಿಂಗಳಾ ನೋಡ್ತಾರ. ಏರಾಕತ್ತೈತೋ ಇಳಿಯಾಕತ್ತೈತೋ ಅನ್ನೋದ ಮುಖ್ಯ.

ಇನ್ನ ಇಂಗ್ಲೆಂಡು-ವೇಲ್ಸ್‌ದಾಗ 2021ರ ಜನಗಣತ್ಯಾಗ ಮೊದಲ ಸಲ, ನೀವು ಮಿಲಿಟ್ರ್ಯಾಗ ಇದ್ರೇನು ಅಂತ ಎಲ್ಲಾರನ್ನೂ ಕೇಳಿದ್ರು. ಸುಮಾರು 18.5 ಲಕ್ಷ ಮಂದಿ ಹೌದು ಅಂದ್ರು. ಇದು ಯಾಕ ಮುಖ್ಯ ಅಂದ್ರ, ಮೇಳಾಕ್ಕ ಬಂದವ್ರನ್ನ, ಕ್ಯಾಂಟೀನಿನ ಪಾಳೇದಾಗ ನಿಂತವ್ರನ್ನ ಕೇಳಿದ್ರ ನಡದಾಡೋವ್ರು, ನಗೋವ್ರು ಅಷ್ಟ ಸಿಗತಾರ. ಬಾಗಿಲಾ ಹಾಕ್ಕೊಂಡು ಕುಂತವ್ರು, ಕುಡ್ಯಾಕ ಹತ್ತಿದವ್ರು, ತೋಟದ ಮನ್ಯಾಗ ಒಬ್ರ ಉಳದವ್ರು ಲೆಕ್ಕಕ್ಕ ಬರಂಗಿಲ್ಲ. ನಮ್ಮ ಓಣ್ಯಾಗ ಆ ಹುಡುಗಿ ಹನ್ನೊಂದು ಮನಿ ಪೈಕಿ ಒಂಬತ್ತು ಮನಿಗೆ ಹೋದ್ಲು. ಉಳದ ಎರಡು ಮನಿ ಬಾಗಿಲಾ ತಗೀಲಿಲ್ಲ. ನನ್ನ ಕೇಳಿದ್ರ, ಮೊದಲ ಕೇಳಬೇಕಾಗಿದ್ದು ಆ ಎರಡು ಮನಿನ.

ನಮ್ಮ ದೇಶದಾಗ ವರ್ಷಕ್ಕ ಸುಮಾರು 60 ಸಾವಿರ ಮಂದಿ ಸೇನೆಯಿಂದ ನಿವೃತ್ತಿ ಆಗ್ತಾರ. ಹೆಚ್ಚಿನವ್ರು ಇನ್ನ ಹರೇದವ್ರ, ಮೂವತ್ತೈದು-ನಲವತ್ತರ ಆಸುಪಾಸಿನವ್ರು. ನವೆಂಬರ್ ಬಂತಂದ್ರ ಪೆನ್ಶನ್ನಿಗೆ ಜೀವಂತ ಇದ್ದೀನಿ ಅಂತ ಪ್ರಮಾಣಪತ್ರ ಕೊಡಬೇಕು, ಅದಕ್ಕ ನಾವ ಕೈ ಹಿಡದು ಕರಕೊಂಡು ಹೋಗ್ತೀವಿ. ಜೀವಂತ ಅದಾರ ಅಂತ ವರ್ಷಾ ಕೇಳ್ತಾರ. ಹೆಂಗ ಅದಾರ ಅಂತ ಅದರ ಜೋಡಿನ ಐದು ಪ್ರಶ್ನಿ ಕೇಳಿದ್ರ ಏನ ಗಂಟು ಹೋಗ್ತೈತ್ರಿ?

ಇಲ್ಲೆ ಒಂದೆರಡು ಮಾತು ಬರ್ತಾವು ಅಂತ ಗೊತ್ತೈತಿ. ಮೊನ್ನೆ ಕುಂಕುಮಕ್ಕ ಕರದಾಗ ಒಬ್ಬ ವೈನಿ ಅಂದ್ರು, "ಪೆನ್ಶನ್ ಬರ್ತೈತಿ, ಕ್ಯಾಂಟೀನ್ ಐತಿ, ಇ.ಸಿ.ಎಚ್.ಎಸ್. ಔಷಧ ಐತಿ. ನಮ್ಮ ರೈತ ಗಂಡಸ್ರಿಗೆ ಏನೈತಿ? ಅವ್ರ ಸಮಾಧಾನ ಯಾರ ಅಳೀತಾರ?" ವೈನಿ ಮಾತಿನ್ಯಾಗ ನ್ಯಾಯ ಐತಿ. ರೈತರನ್ನೂ ಕೇಳಬೇಕು, ಇಲ್ಲ ಅನ್ನಂಗಿಲ್ಲ. ಆದ್ರ ಅವ್ರು ಹೇಳಿದ ಮೂರೂ "ಐತೋ ಇಲ್ಲೋ" ಅನ್ನೋ ಮೊದಲ ಪ್ರಶ್ನಿಗೆ ಸೇರಿದ್ದು. 2014ರಿಂದ ಒಂದ ದರ್ಜಿಗೆ ಒಂದ ಪೆನ್ಶನ್ ಲಾಗೂ ಆಗಿದ್ದು ನಮ್ಮ ಮನಿಗೂ ಭಾಳ ಆಸರ ಆಗೈತಿ, ಅದನ್ನ ನಾ ಮರಿಯಂಗಿಲ್ಲ. ರೊಕ್ಕ ಇಲ್ಲದಿದ್ರ ಸಮಾಧಾನದ ಮಾತ ಎಲ್ಲಿಂದ ಬರ್ತೈತಿ? ಆದ್ರ ಪೆನ್ಶನ್ ಜಮಾ ಆದ ರಾತ್ರಿನೂ ಗೇಟಿನ ಕೊಂಡಿ ಸಪ್ಪಳ ಆಗ್ತೈತಿ ಅಂದ್ರ, ಅದು ಬ್ಯಾರೆ ಖಾತೇದ ಲೆಕ್ಕ.

ಎರಡನೇ ಮಾತು ನಮ್ಮ ಮನಿಯವ್ರದ: "ಕೇಳಿ ಏನ್ ಮಾಡ್ತಾರ?" ಇದಕ್ಕ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ಕೇಳಿ ಬಿಟ್ಟು ಹೋಗೋದು ಗಾಯಾ ಬಿಚ್ಚಿ ಪಟ್ಟಿ ಕಟ್ಟದ ಹೋದಂಗ. ಅದಕ್ಕ ನಾ ಅನ್ನೋದು, ಅಳಿಯಾಕ ಬರೋವ್ರ ಕೈಯಾಗ ಎರಡು ಹಾಳಿ ಇರಬೇಕು. ಒಂದು ಪ್ರಶ್ನಿದು, ಇನ್ನೊಂದು ಮುಂದ ಎಲ್ಲಿಗೆ ಹೋಗಬೇಕು ಅನ್ನೋದು. 2022ರಿಂದ ಟೆಲಿ ಮಾನಸ್ ಅಂತ ಸರಕಾರದ ಪುಕ್ಕಟೆ ಫೋನ್ ಸೇವಾ ಐತಿ, ನಂಬರ್ 14416. ಹಗಲು ರಾತ್ರಿ, ಕನ್ನಡದಾಗ ಮಾತಾಡಬಹುದು. ಈ ನಂಬರ್ ನಮ್ಮ ಫ್ರಿಜ್ ಮ್ಯಾಲ ಗ್ಯಾಸಿನವ್ರ ನಂಬರಿನ ಮಗ್ಗಲಿಗೆ ಅಂಟಿಸೀನಿ. ಇವ್ರು ನೋಡ್ಯಾರ, ಏನೂ ಅಂದಿಲ್ಲ. ಕಿತ್ತೂ ಹಾಕಿಲ್ಲ.

ಈಗ ನಮ್ಮ ಮಾತಿಗೆ ಬರ್ತೀನಿ, ಹೆಣ್ಮಕ್ಕಳ ಮಾತಿಗೆ. ಆ ಹುಡುಗಿ ನನ್ನ ಏನೂ ಕೇಳಿರಲಿಲ್ಲ. ನಾನ ಅಂದೆ, "ಇನ್ನೊಂದು ಹಾಳಿ ಕೊಡು, ನಾನೂ ಬರೀತೀನಿ." ಬರದೆ. 5, 5, 6, 4, 2. ಒಟ್ಟ 22. ಸ್ವಲ್ಪ ತೃಪ್ತ ಅನ್ನೋ ಸಾಲಿನ್ಯಾಗ ಬಂದೆ. ನನಗೇನ ಬ್ಯಾಸರ ಆಗಲಿಲ್ಲ. ಆದ್ರ ಹಾಳಿನ್ನ ಟೇಬಲ್ ಮ್ಯಾಲ ಇಟ್ಟು ಮರತಿದ್ದೆ. ಸಂಜಿಮುಂದ ಇವ್ರು ನೋಡಿದ್ರು.

"ಕೊನೀ ಪ್ರಶ್ನಿಗೆ ಎರಡ ಯಾಕ ಹಾಕೀದಿ?" ಅಂದ್ರು.

ಕೊನೀ ಪ್ರಶ್ನಿ, ಇನ್ನೊಮ್ಮೆ ಜೀವನ ಸಿಕ್ರ ಏನೂ ಬದಲಿ ಮಾಡಂಗಿಲ್ಲೇನು ಅನ್ನೋದು. ಅವ್ರು ಏಳು ಹಾಕಿದ್ರು. ನಾ ಎರಡು.

ನಾ ಹೇಳಿದೆ. "ಮದಿವಿ ಆಗಿ ಹದಿನೇಳು ವರ್ಷ ನೀವು ಸೂಟಿ ಮ್ಯಾಲ ಬಂದು ಹೋಗೋ ಮನುಷ್ಯಾ ಇದ್ರಿ. ಮಗಳಿಗೆ ಜ್ವರ ಬಂದ ರಾತ್ರಿ, ನಿಮ್ಮ ಅವ್ವ ತೀರಿಕೊಂಡಾಗ, ಮನಿ ಗ್ವಾಡಿ ಬಿದ್ದಾಗ ನಾ ಒಬ್ಬಾಕಿನ ಇದ್ದೆ. ನಿಮ್ಮ ಕೆಲಸದ ಮ್ಯಾಲ ನನಗ ಹೆಮ್ಮಿ ಐತಿ. ಆದ್ರ ಇನ್ನೊಮ್ಮೆ ಸಿಕ್ರ ಬದಲಿ ಮಾಡ್ತೀನಿ."

ಚಹಾ ಆರಿ ಹೋತು. ಇವ್ರು ಹಾಳಿ ಮಡಚಿ ಕಿಸೆದಾಗ ಇಟ್ಕೊಂಡ್ರು. ಒಂಬತ್ತು ವರ್ಷದಾಗ ಈ ಮಾತು ನಾವು ಆಡಿದ್ದಿಲ್ಲ. ಅವತ್ತ ರಾತ್ರಿ ಎರಡಕ್ಕ ಎದ್ದಾಗ ಇವ್ರು ನನ್ನ ಎಬ್ಬಿಸಿ ಅಂದ್ರು, "ಗೇಟು ನೋಡಿ ಬರ್ತೀನಿ, ನೀ ಮಲಕೋ." ಮೊದಲ ಹೇಳದ ಹೋಗತಿದ್ರು. ಇಷ್ಟ ಫರಕ. ನಿದ್ದಿ ಇನ್ನೂ ಬರಂಗಿಲ್ಲ, ಆದ್ರ ಮುಂದಿನ ತಿಂಗಳು ಡಾಕ್ಟರ್ ಹತ್ರ ಹೋಗೋಣು ಅಂದಾರ.

ಅದಕ್ಕ ನಾ ಖಡಾಖಂಡಿತ ಹೇಳ್ತೀನಿ, ಮಿಲಿಟ್ರಿಯವ್ರ ಸಮಾಧಾನ ಅಳಿಯೋವ್ರು ಅವ್ರ ಮನಿ ಹೆಣ್ಮಕ್ಕಳನ್ನೂ ಕೇಳಬೇಕು, ಬ್ಯಾರೆ ಕುಂಡ್ರಿಸಿ ಕೇಳಬೇಕು. ಗಂಡ ಎಷ್ಟು ಹೊತ್ತು ಮಲಗ್ತಾನ ಅನ್ನೋದು ಅವಗಿಂತ ನಮಗ ಛಂದ ಗೊತ್ತೈತಿ. ಯಾವ ಸಪ್ಪಳಕ್ಕ ಬೆಚ್ಚತಾನ, ದೀಪಾವಳ್ಯಾಗ ಪಟಾಕಿ ಹಚ್ಚಿದ್ರ ಯಾವ ಖೋಲ್ಯಾಗ ಹೋಗಿ ಕುಂಡ್ರತಾನ, ಯಾರ ಫೋನ್ ಬಂದ್ರ ಅಷ್ಟ ನಗತಾನ, ಎಲ್ಲಾ ಗೊತ್ತೈತಿ. ಆದ್ರ ನಮ್ಮ ಉತ್ತರ ಅವ್ರ ಉತ್ತರದ ಬದಲಿ ಇರಬಾರ್ದು, ಮಗ್ಗಲಿಗೆ ಇರಬೇಕು. ನನ್ನ 22 ತಗೊಂಡು ಅವ್ರ 34ನ್ನ ಅಳಿಸಾಕ ನನಗ ಹಕ್ಕಿಲ್ಲ.

ಇದು ಇಷ್ಟ ಅವಸರದ ಮಾತು ಯಾಕಂದ್ರ, ನಮ್ಮ ಹುಡುಗ್ರು. 2022ರಾಗ ಅಗ್ನಿಪಥ ಬಂದ್ಮ್ಯಾಲ ಭರ್ತಿ ಆದವ್ರು ನಾಕು ವರ್ಷಕ್ಕ ಹೊರಗ ಬರ್ತಾರ. ನೂರಕ್ಕ 25 ಮಂದಿ ತನಕ ಉಳಿಸ್ಕೋತಾರ, ಉಳದವ್ರಿಗೆ ಸೇವಾ ನಿಧಿ ಅಂತ ಸುಮಾರು 11.7 ಲಕ್ಷ ರೂಪಾಯಿ ಕೊಡ್ತಾರ. ಪೆನ್ಶನ್ ಇಲ್ಲ. 2023ರ ಸುರುವಿಗೆ ತರಬೇತಿಗೆ ಹೋದ ಮೊದಲ ತಂಡದ ನಾಕು ವರ್ಷ 2026ರ ಕೊನಿಗೆ, 2027ರ ಸುರುವಿಗೆ ತುಂಬತಾವು. ನಲವತ್ಮೂರಕ್ಕ ಬಂದ ಮನುಷ್ಯಾಗ ಹೆಂಡ್ತಿ, ಮಗಳು, ಪೆನ್ಶನ್ ಎಲ್ಲಾ ಇದ್ದೂ ನಿದ್ದಿಗೆ 0. ಇಪ್ಪತ್ತೆರಡು-ಇಪ್ಪತ್ಮೂರಕ್ಕ ಬರೋ ಹುಡುಗಗ, ಮದಿವಿ ಇಲ್ಲ, ಉಳದ ಗೆಳ್ಯಾ ಇನ್ನ ವರ್ದಿಯೊಳಗ ಅದಾನ, ತಾ ಮನ್ಯಾಗ, ಅವನ ತಕ್ಕಡಿಯೊಳಗ ಏನ ತೂಗ್ತೈತಿ?

ಅವನಿಗೆ ಐದು ಪ್ರಶ್ನಿಯ ಹಾಳಿ ಸಾಲಂಗಿಲ್ಲ. ಹ್ಯಾಡ್ಲಿ ಕ್ಯಾಂಟ್ರಿಲ್ ಅನ್ನೋವ್ರು 1965ರಾಗ ಒಂದು ಸಾದಾ ರೀತಿ ಬರದಿಟ್ಟಾರ, ಕಾಗದ ಮ್ಯಾಲ ಒಂದು ನಿಚ್ಚಣಿಕಿ ತಗದು ಕೇಳೋದು. ತುದಿಗೆ ನಿನಗ ಆಗಬಹುದಾದ ಛಲೋ ಜೀವನ, ಬುಡಕ್ಕ ಕೆಟ್ಟ ಜೀವನ. ಈಗ ಯಾವ ಮೆಟ್ಟಲ ಮ್ಯಾಲ ಅದಿ? ಐದು ವರ್ಷದ ಮ್ಯಾಲ ಎಲ್ಲಿ ಇರ್ತೀ? ಹೊರಗ ಬರೋ ಹುಡುಗಗ ಎರಡನೇ ಪ್ರಶ್ನಿನ ಜೀವ. ಈಗ ಏಳನೇ ಮೆಟ್ಟಲಾ, ಐದು ವರ್ಷಕ್ಕ ಮೂರನೇದು ಅಂದಾ ಅಂದ್ರ, ಅವನನ್ನ ಅವತ್ತ ಕುಂಡ್ರಿಸಿಕೊಂಡು ಮಾತಾಡಬೇಕು. ಐದು ವರ್ಷ ಕಾಯಬಾರ್ದು. ವರ್ದಿ ಇಳಸೋ ಆರು ತಿಂಗಳ ಮೊದಲ ಒಮ್ಮೆ, ಬಂದ ಮೂರು ತಿಂಗಳಿಗೆ ಒಮ್ಮೆ, ವರ್ಷಕ್ಕ ಒಮ್ಮೆ, ಮೂರು ವರ್ಷಕ್ಕ ಒಮ್ಮೆ. ಮೊದಲನೇ ತಂಡದಿಂದನ ಸುರು ಮಾಡಿದ್ರ ಹತ್ತು ವರ್ಷಕ್ಕ ನಮ್ಮದ ಲೆಕ್ಕ ನಮ್ಮ ಕೈಯಾಗ ಇರ್ತೈತಿ. ಜಿಲ್ಲಾ ಸೈನಿಕ ಮಂಡಳಿ ಭಾಳ ಕಡೆ ಅದಾವ, ಇಂಥಾ ಕಾಲೇಜಿನ ಹುಡುಗ್ಯಾರೂ ಅದಾರ. ಕೇಳೋವ್ರು ಮಾತ್ರ ವರ್ದಿಯವ್ರು ಇರಬಾರ್ದು, ಹಾಳಿ ಮ್ಯಾಲ ಹೆಸರೂ ಇರಬಾರ್ದು. ಹೆಸರಿದ್ರ ಮತ್ತ "ಸಬ್ ಠೀಕ್".

ಜನವರಿ 14 ಬರ್ತೈತಿ. ನಮ್ಮ ಕೊಡಗಿನ ಕಾರ್ಯಪ್ಪನವ್ರು, ಭಾರತದ ಸೇನೆಗೆ ಮೊದಲ ಭಾರತೀಯ ದಂಡನಾಯಕರು, 1953ರಾಗ ಅದ ದಿನ ನಿವೃತ್ತಿ ಆಗಿದ್ರು. ಅದರ ನೆನಪಿಗೆ ಆ ದಿನ ಮಾಜಿ ಸೈನಿಕರ ದಿನ ಮಾಡ್ತಾರ. ಹೆಚ್ಚಾಗಿ ನಮ್ಮ ಸಂಕ್ರಮಣನೂ ಅವತ್ತ. ಎಲ್ಲಾರೂ ಕುಸರೆಳ್ಳು ತಗೊಂಡು ಮನಿ ಮನಿ ಹೋಗ್ತೀವಿ. ಈ ಸಲ ಮಿಲಿಟ್ರಿಯವ್ರ ಮನಿಗೆ ಹೋದಾಗ "ಆರಾಮ ಅದೀರೇನ್ರಿ" ಅಂತ ಕೇಳಬ್ಯಾಡ್ರಿ. ಉತ್ತರ ಗೊತ್ತೈತಿ. ಹೋದ ವಾರ ನಿದ್ದಿ ಹೆಂಗಿತ್ತು ಕಾಕಾ ಅಂತ ಕೇಳ್ರಿ. ಹಳೇ ಗೆಳ್ಯಾರ ಪೈಕಿ ಯಾರ ಜೋಡಿ ಮಾತಾಡಿದ್ರಿ ಅಂತ ಕೇಳ್ರಿ. ಆಮ್ಯಾಲ ಒಳಗ ಹೋಗಿ ವೈನಿನ್ನೂ ಅದನ್ನ ಕೇಳ್ರಿ, ನಿಮ್ಮ ನಿದ್ದಿ ಹೆಂಗೈತಿ ಅಂತ.

ನಾ ಮಾತ್ರ ಅವತ್ತ ಮೊದಲ ಆ ಬಾಗಿಲಾ ತಗೀದ ಎರಡು ಮನಿಗೆ ಹೋಗ್ತೀನಿ. ಹಾಳಿ ಒಯ್ಯಂಗಿಲ್ಲ. ಕುಸರೆಳ್ಳು ಒಯ್ತೀನಿ. ನನ್ನ ಜೋಡಿ ಬರೋವ್ರು ಹೇಳ್ರಿ, ಕೂಡೇ ಹೋಗೋಣು.